ದುಡ್ಡು ಕೊಟ್ಟವರಿಗೇ ಬೀಗ: ಆಟಗಳಲ್ಲಿ ಡೆನುವೊ ಎಷ್ಟು ದಿನ ಇರಬೇಕು?

ತುಂಗಾತೀರ:
ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ, ನಕಲು ತಡೆಯುವ ಡೆನುವೊ ಎಂಬ ತಂತ್ರಾಂಶ ಇರುವ ಯಾವುದಾದರೂ ಆಟದ ಪುಟ ತೆರೆದು ಬಲಬದಿಗೆ ಕಣ್ಣು ಹಾಯಿಸಿ. ಹೊರಗಿನ ಕಂಪನಿಯ ಡಿಆರ್‌ಎಂ (ನಕಲು ತಡೆಯುವ ಡಿಜಿಟಲ್ ಬೀಗ) ಇದೆ, ಒಂದು ದಿನಕ್ಕೆ ಐದು ಕಂಪ್ಯೂಟರ್‌ಗಳಷ್ಟೇ ಮಿತಿ ಎಂಬರ್ಥದ ಸಾಲು ಸಣ್ಣ ಚೌಕದಲ್ಲಿ ಕಾಣುತ್ತದೆ. ಆ ಬೀಗವನ್ನು ಎಂದು ತೆಗೆಯುತ್ತಾರೆ ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ನನ್ನ ಬೇಡಿಕೆ ಇಷ್ಟೇ: ಬೀಗ ಹಾಕುವ ಪ್ರಕಾಶಕರು ಅದನ್ನು ತೆಗೆಯುವ ದಿನಾಂಕವನ್ನೂ ಅದೇ ಚೌಕದಲ್ಲಿ ಬರೆಯಬೇಕು. ಇದು ಆಗದ ಮಾತೇನಲ್ಲ. ಮೋಸದಾಟ ತಡೆಯುವ ತಂತ್ರಾಂಶ ಕರ್ನಲ್ ಮಟ್ಟದಲ್ಲಿ, ಅಂದರೆ ವಿಂಡೋಸ್‌ನ ಎಲ್ಲ ಅಧಿಕಾರವಿರುವ ಒಳಪದರದಲ್ಲಿ, ಕೆಲಸ ಮಾಡುವುದಾದರೆ ಪುಟದಲ್ಲಿ ಹೇಳಲೇಬೇಕು ಎಂದು 2024ರ ಅಕ್ಟೋಬರ್ ಕೊನೆಯಲ್ಲಿ ಸ್ಟೀಮ್ ನಿಯಮ ಮಾಡಿತು. ಅದನ್ನು ಹೇಳಿಸಲು ಸಾಧ್ಯವಾದರೆ ಇದನ್ನೂ ಹೇಳಿಸಬಹುದು.

ಗೊತ್ತಿಲ್ಲದವರಿಗಾಗಿ ಡೆನುವೊ ಹೇಗೆ ಕೆಲಸ ಮಾಡುತ್ತದೆಂದು ಬರೆಯುತ್ತೇನೆ. ಹಿಂದೆ ಸೆಕ್ಯುರಾಮ್ ಎಂಬ ಡಿಸ್ಕ್ ಬೀಗ ಮಾಡುತ್ತಿದ್ದ ಸೋನಿ ಡಿಎಡಿಸಿಯ ಒಂದು ವಿಭಾಗದವರು ಸ್ವತಂತ್ರರಾಗಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಕಟ್ಟಿದ ಕಂಪನಿ ಇದು. 2014ರಲ್ಲಿ ಫಿಫಾ 15ರೊಂದಿಗೆ ಮೊದಲು ಬಂತು. 2018ರಲ್ಲಿ ಇರ್ಡೆಟೊ ಎಂಬ ಡಿಜಿಟಲ್ ಭದ್ರತಾ ಕಂಪನಿ ಅದನ್ನು ಕೊಂಡಿತು. ಆಟವನ್ನು ಮೊದಲ ಬಾರಿ ತೆರೆದಾಗ ನಿಮ್ಮ ಪ್ರೊಸೆಸರ್, ವಿಂಡೋಸ್ ಮುಂತಾದವುಗಳ ಗುರುತು ಸರ್ವರ್‌ಗೆ ಹೋಗುತ್ತದೆ. ಅಲ್ಲಿಂದ ಆ ಯಂತ್ರಕ್ಕೆ ಮಾತ್ರ ಸಲ್ಲುವ ಒಂದು ಟೋಕನ್, ಅಂದರೆ ಅನುಮತಿ ಚೀಟಿ, ಬರುತ್ತದೆ. ಆಟದ ಕೋಡಿನಲ್ಲಿ ಆಯ್ದ ಭಾಗಗಳನ್ನು ಮೊದಲೇ ಗೋಜಲು ಮಾಡಿ, ಡೆನುವೊದ್ದೇ ಆದ ವರ್ಚುವಲ್ ಯಂತ್ರದ (ತಂತ್ರಾಂಶದಲ್ಲೇ ಕಟ್ಟಿದ ಯಂತ್ರದ) ಭಾಷೆಗೆ ಬದಲಾಯಿಸಿರುತ್ತಾರೆ. ಆ ಭಾಗಗಳು ನಡೆಯಬೇಕಾದರೆ ಟೋಕನ್‌ನೊಳಗಿನ ಮೌಲ್ಯಗಳು ಬೇಕು. ಒಂದು ಕಡೆಯ ತಪಾಸಣೆಯನ್ನು ಕಿತ್ತು ಹಾಕಿದರೆ ಆಟ ಬಿಚ್ಚಿಕೊಳ್ಳುವ ಹಳೆಯ ಕಾಲದ ಬೀಗ ಇದಲ್ಲ. ಇಂಥ ನೂರಾರು ಕಡೆ ಕೈಯಾಡಿಸಬೇಕಾಗುತ್ತದೆ.

ಹಾಗೆಂದು ಇದು ಮುರಿಯಲಾಗದ್ದೂ ಅಲ್ಲ. ಎರಡು ವರ್ಷದಲ್ಲಿ ಪುಕ್ಕಟೆ ಆಟಗಳೇ ಸಿಗದೆ ಹೋಗಬಹುದೆಂದು ಬೀಗ ಮುರಿಯುವ ಚೀನಾದ 3ಡಿಎಂ ಗುಂಪಿನ ಮುಖ್ಯಸ್ಥೆ 2016ರ ಜನವರಿಯಲ್ಲಿ ಕೈಚೆಲ್ಲಿದ್ದರು. ಮರುವರ್ಷದ ಜನವರಿಯಲ್ಲಿ ರೆಸಿಡೆಂಟ್ ಈವಿಲ್ 7 ಬಿಡುಗಡೆಯಾದ ಐದೇ ದಿನಕ್ಕೆ ಕ್ರ್ಯಾಕ್ ಆಯಿತು, ಅಂದರೆ ಬೀಗ ಮುರಿದ ಪ್ರತಿ ಹೊರಬಂತು. ಬೀಗದ ಕೆಲಸ ಕಳ್ಳರನ್ನು ಒಂದಿಷ್ಟು ದಿನ ತಡೆಯುವುದು. ಆ ದಿನಗಳು ಕಳೆದ ಮೇಲೂ ಅದು ಅಲ್ಲಿಯೇ ಏಕೆ ಇರಬೇಕು?

ಹಳೆಯ ಡಿಸ್ಕ್:
ತೆಗೆಯದೆ ಬಿಟ್ಟ ಬೀಗ ಏನು ಮಾಡುತ್ತದೆ ಎಂದು ತಿಳಿಯಲು ಊಹೆ ಬೇಕಿಲ್ಲ, ನನ್ನ ಕಪಾಟು ನೋಡಿದರೆ ಸಾಕು. 2000ರ ದಶಕದಲ್ಲಿ ಸಂಬಳದಿಂದ ಉಳಿಸಿ ಕೊಂಡ ಮೂಲ ಡಿಸ್ಕ್‌ಗಳಿವೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಸುತ್ತಮುತ್ತ ನಕಲಿ ಸಿಡಿ ಕಾಸಿಗೊಂದು ಸಿಗುತ್ತಿದ್ದ ಕಾಲದಲ್ಲಿ ಕೊಂಡವು. ಒಂದರ ಮೇಲೂ ಗೀರಿಲ್ಲ. ಕೈಪಿಡಿಯ ಹಿಂಬದಿಗೆ ಅಂಟಿಸಿದ ಕೀ ಚೀಟಿ ಇನ್ನೂ ಓದಲು ಬರುತ್ತದೆ. ಆದರೆ ಸೇಫ್‌ಡಿಸ್ಕ್ ಎಂಬ ಹಳೆಯ ಡಿಸ್ಕ್ ಬೀಗ ಇರುವ ಯಾವ ಆಟವೂ ವಿಂಡೋಸ್ 10ರಲ್ಲಿ ತೆರೆಯುವುದಿಲ್ಲ.

ಕಾರಣ ಸರಳವಾಗಿದೆ. ಮ್ಯಾಕ್ರೋವಿಷನ್ ಕಂಪನಿಯ ಸೇಫ್‌ಡಿಸ್ಕ್ ಒಂದು ಡ್ರೈವರನ್ನು (ವಿಂಡೋಸ್‌ನ ಒಳಗೆ ಕೆಲಸ ಮಾಡುವ ಸಣ್ಣ ತಂತ್ರಾಂಶ) ನೆಚ್ಚಿಕೊಂಡಿತ್ತು. ಅದು ವಿಂಡೋಸ್ ಜೊತೆಗೇ ಬರುತ್ತಿತ್ತು. 2007ರಲ್ಲಿ ಆ ಡ್ರೈವರಿನಲ್ಲಿ ಭದ್ರತಾ ಲೋಪ ಸಿಕ್ಕಿತು. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಅದನ್ನು ಸೇರಿಸಲೇ ಇಲ್ಲ, ಅದೇ ಸೆಪ್ಟೆಂಬರ್‌ನ ಭದ್ರತಾ ಅಪ್‌ಡೇಟ್‌ನಲ್ಲಿ ವಿಂಡೋಸ್ 7 ಮತ್ತು 8ರಲ್ಲಿಯೂ ಅದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಮಾಡಿದ್ದು ಸರಿಯೇ. ತೂತಿರುವ ಡ್ರೈವರನ್ನು ಕೋಟ್ಯಂತರ ಕಂಪ್ಯೂಟರ್‌ಗಳಲ್ಲಿ ಇಟ್ಟುಕೊಳ್ಳುವುದು ಸಲ್ಲದು. ಆದರೆ ಅದರ ದಂಡ ತೆತ್ತವರು ಯಾರು? ನಕಲಿ ಸಿಡಿ ಕೊಂಡವರ ಆಟ ಇಂದಿಗೂ ನಡೆಯುತ್ತದೆ, ಏಕೆಂದರೆ ಅದರಲ್ಲಿ ಸೇಫ್‌ಡಿಸ್ಕ್ ಇರಲೇ ಇಲ್ಲ.

ಇನ್ನೊಂದು ಸಂಗತಿ. 2008ರಲ್ಲಿ ಯೂಬಿಸಾಫ್ಟ್ ರೇನ್‌ಬೋ ಸಿಕ್ಸ್ ವೇಗಸ್ 2 ಆಟಕ್ಕೆ ಪ್ಯಾಚ್ ಬಿಟ್ಟಿತು. ಅದನ್ನು ಹಾಕಿದರೆ, ಡೌನ್‌ಲೋಡ್ ಮಾಡಿ ಕೊಂಡವರಿಗೂ ಆಟ ಡಿಸ್ಕ್ ಕೇಳತೊಡಗಿತು. ಅವರ ಬಳಿ ಡಿಸ್ಕ್ ಎಲ್ಲಿಂದ ಬರಬೇಕು? ಕೊನೆಗೆ ಕಂಪನಿಯ ಅಧಿಕೃತ ತಾಣದಲ್ಲೇ ಪರಿಹಾರವಾಗಿ ಒಂದು ಫೈಲ್ ಬಂತು. ಬಿಚ್ಚಿ ನೋಡಿದವರಿಗೆ ಅದು ರೀಲೋಡೆಡ್ ಎಂಬ ಕ್ರ್ಯಾಕ್ ಗುಂಪಿನ ಫೈಲ್ ಎಂದು ಗೊತ್ತಾಯಿತು. ತಾವೇ ಹಾಕಿದ ಬೀಗ ತೆಗೆಯಲು ತಮ್ಮಲ್ಲೇ ಕೀಲಿ ಇಲ್ಲದ ಸ್ಥಿತಿ ಅದು.

ಚಿತ್ರಶಾಲೆ:
ನಾನು ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಆಟಗಳಿಗೆ ತ್ರೀಡಿ ಚಿತ್ರ ಮಾಡುವವಳು. ಇಲ್ಲಿ ಪ್ರಕಾಶಕರ ಪರ ಮಾತನಾಡುವವರು ಯಾರೂ ಇಲ್ಲವೆಂದು ಬರೆಯುತ್ತಿದ್ದೇನೆ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ಈ ಊರಿನಲ್ಲಿ ಹೊರದೇಶದ ದೊಡ್ಡ ಆಟಗಳ ಕೆಲಸ ನಡೆಯುತ್ತ ಬಂದಿದೆ. 2019ರಲ್ಲಿ ಆ ಸಂಸ್ಥೆಯನ್ನೇ ರಾಕ್‌ಸ್ಟಾರ್ ಕೊಂಡಿತು. ಒಂದು ಕಾರಿನ ಬಾಗಿಲು, ಒಂದು ಬೀದಿಯ ಅಂಗಡಿ ಸಾಲು, ಕತ್ತಲಲ್ಲಿ ಅರ್ಧ ಕ್ಷಣ ಕಾಣುವ ಒಂದು ಮುಖ, ಇವಕ್ಕೆ ನಾವು ವಾರಗಟ್ಟಲೆ ಕೂರುತ್ತೇವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಟ ಬಿಡುಗಡೆಯಾದ ದಿನವೇ ಕ್ರ್ಯಾಕ್ ಬಂದರೆ ಮುಂದಿನ ಯೋಜನೆಗೆ ಕತ್ತರಿ ಬೀಳುತ್ತದೆ, ಗುತ್ತಿಗೆಯ ಮೇಲಿರುವವರ ಕೆಲಸ ಮೊದಲು ಹೋಗುತ್ತದೆ.

ಇದು ಬರಿಯ ಭಯವೂ ಅಲ್ಲ. ಡೆನುವೊ ಇದ್ದ 86 ಆಟಗಳನ್ನು ತೆಗೆದುಕೊಂಡು ಅಮೆರಿಕದ ವಿಲಿಯಂ ವೋಲ್ಕ್‌ಮನ್ ಎಂಬ ಸಂಶೋಧಕರು ಮಾಡಿದ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ಬಿಡುಗಡೆಯಾದ ಕೂಡಲೇ ಕ್ರ್ಯಾಕ್ ಆದರೆ ಒಟ್ಟು ಆದಾಯದಲ್ಲಿ ಸರಾಸರಿ ಸುಮಾರು ಶೇ. 20ರಷ್ಟು ಖೋತಾ ಆಗುತ್ತದೆ ಎಂಬುದು ಅವರ ಅಂದಾಜು. ಐದರಲ್ಲಿ ಒಂದು ಪಾಲು.

ಸಣ್ಣವರ ಪಾಡು ಇನ್ನೂ ಕಷ್ಟ. 2013ರಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ಗೇಮ್ ಡೆವ್ ಟೈಕೂನ್ ಎಂಬ ಆಟ ತಂದಿತು. ಆಟದಲ್ಲಿ ನೀವು ಒಂದು ಆಟದ ಕಂಪನಿ ನಡೆಸಬೇಕು. ಮಾಡಿದವರೇ ಇನ್ನೊಂದು ಆವೃತ್ತಿಯನ್ನು, ಜನ ಫೈಲ್‌ಗಳನ್ನು ಪುಕ್ಕಟೆ ಹಂಚಿಕೊಳ್ಳುವ ಟೊರೆಂಟ್‌ಗೆ ಹಾಕಿದರು. ಅದನ್ನು ಇಳಿಸಿಕೊಂಡು ಆಡಿದರೆ ಕೆಲವು ಗಂಟೆಗಳ ನಂತರ, ಜನ ನಿಮ್ಮ ಆಟಗಳನ್ನು ಕದ್ದು ಆಡುತ್ತಿದ್ದಾರೆ ಎಂಬ ಸಂದೇಶ ಬರುತ್ತದೆ, ಕಂಪನಿ ದಿವಾಳಿಯಾಗುತ್ತದೆ. ಮೊದಲ ದಿನ ಕೊಂಡು ಆಡಿದವರು 214 ಜನ. ಟೊರೆಂಟ್ ಪ್ರತಿ ಆಡಿದವರು ಮೂರು ಸಾವಿರಕ್ಕೂ ಹೆಚ್ಚು. ಆ ಆಟದಲ್ಲಿ ಯಾವ ಡಿಆರ್‌ಎಂ ಕೂಡ ಇರಲಿಲ್ಲ, ಬೆಲೆಯೂ ಕಡಿಮೆಯಿತ್ತು. ಬೀಗ ಇದ್ದದ್ದರಿಂದಲೇ ಜನ ಕದ್ದರು ಎನ್ನುವವರು ಈ ಅಂಕಿಯನ್ನು ನೋಡಬೇಕು.

ತುಂಗಾತೀರ:
ಚಿತ್ರಶಾಲೆಯವರೇ, ನೀವು ಹೇಳಿದ ಅಧ್ಯಯನದ ಇನ್ನರ್ಧವನ್ನೂ ಹೇಳಬೇಕು. ಹನ್ನೆರಡು ವಾರ ಕಳೆದ ಮೇಲೆ ಕ್ರ್ಯಾಕ್ ಆದರೆ ಆದಾಯಕ್ಕೆ ಆಗುವ ನಷ್ಟ ಹೆಚ್ಚುಕಡಿಮೆ ಸೊನ್ನೆ ಎಂದು ಅದೇ ಲೇಖನ ಹೇಳುತ್ತದೆ. ನಿಮ್ಮ ಶೇ. 20ನ್ನು ನಾನು ಒಪ್ಪುತ್ತೇನೆ. ಆ ಹನ್ನೆರಡು ವಾರವನ್ನು ನೀವು ಒಪ್ಪಿ.

ಮೂರನೇ ಬೆಂಚು:
ಡೆನುವೊ ಇದ್ದರೆ ಆಟ ನಿಧಾನವಾಗುತ್ತದೆ ಎನ್ನುವುದು ನಿಜವೇ? ನನ್ನದು ಹಳೆಯ ಲ್ಯಾಪ್‌ಟಾಪ್.

ಲಿನಕ್ಸ್ ಮನೆ:
ಎಲ್ಲ ಆಟಗಳಿಗೂ ಒಂದೇ ಉತ್ತರವಿಲ್ಲ. ಗೋಜಲು ಮಾಡಿದ ಕೋಡ್ ಮೂಲ ಕೋಡಿಗಿಂತ ನಿಧಾನವಾಗಿ ಓಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಅದನ್ನು ಎಲ್ಲಿ ಸೇರಿಸಿದ್ದಾರೆ ಎಂಬುದೇ ಮುಖ್ಯ. ಮೆನು ತೆರೆಯುವಾಗಲೋ ಹಂತ ಲೋಡ್ ಆಗುವಾಗಲೋ ಒಮ್ಮೆ ನಡೆಯುವ ಕೋಡಿನಲ್ಲಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಹೊಡೆದಾಟದ ನಡುವೆ ಮತ್ತೆ ಮತ್ತೆ ಓಡುವ ಕೋಡಿನಲ್ಲಿದ್ದರೆ ಆಟ ಮುಗ್ಗರಿಸುತ್ತದೆ.

ಟೆಕ್ಕೆನ್ 7ರಲ್ಲಿ ಅಕುಮಾ ಎಂಬ ಪಾತ್ರ ಬೆಂಕಿಯುಂಡೆ ಎಸೆದಾಗ ಫ್ರೇಮ್ ಬೀಳುತ್ತಿತ್ತು, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳು ಕಡಿಮೆಯಾಗುತ್ತಿದ್ದವು. ಅದಕ್ಕೆ ಹೊರಗಿನ ಕಂಪನಿಯ ರಕ್ಷಣಾ ತಂತ್ರಾಂಶವೇ ಕಾರಣವೆಂದು ನಿರ್ಮಾಪಕ ಕತ್ಸುಹಿರೊ ಹರಾಡಾ ಅವರೇ 2018ರಲ್ಲಿ ಬರೆದರು. 2021ರ ರೆಸಿಡೆಂಟ್ ಈವಿಲ್ ವಿಲೇಜ್‌ನಲ್ಲಿ ಶತ್ರು ಸತ್ತಾಗಲೆಲ್ಲ ಪರದೆ ತಡವರಿಸುತ್ತಿತ್ತು. ಕ್ರ್ಯಾಕ್ ಆದ ಪ್ರತಿಯಲ್ಲಿ ಆ ತೊಂದರೆ ಇರಲಿಲ್ಲ. ಆದರೆ ಅಲ್ಲಿ ಡೆನುವೊ ಜೊತೆಗೆ ಕ್ಯಾಪ್ಕಾಮ್ ತನ್ನದೇ ಇನ್ನೊಂದು ರಕ್ಷಣೆಯನ್ನೂ ಹೆಣೆದಿತ್ತು, ಆದ್ದರಿಂದ ಪೂರ್ತಿ ಹೊಣೆಯನ್ನು ಡೆನುವೊ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದೇ ಜುಲೈನಲ್ಲಿ ಪ್ಯಾಚ್ ಬಂದು ಸರಿಹೋಯಿತು. ಕಂಪನಿ ಮನಸ್ಸು ಮಾಡಿದರೆ ಸರಿಪಡಿಸಲು ಬರುತ್ತದೆ ಎಂಬುದಕ್ಕೂ ಅದೇ ಉದಾಹರಣೆ.

ನನಗೆ ಫ್ರೇಮಿಗಿಂತ ದೊಡ್ಡ ಚಿಂತೆ ಬೇರೆ ಇದೆ. 2021ರ ನವೆಂಬರ್ ಒಂದೇ ತಿಂಗಳನ್ನು ತೆಗೆದುಕೊಳ್ಳಿ. ಇಂಟೆಲ್‌ನ ಹನ್ನೆರಡನೇ ತಲೆಮಾರಿನ ಪ್ರೊಸೆಸರ್‌ಗಳು ಬಂದವು. ಅವುಗಳಲ್ಲಿ ದೊಡ್ಡ ಕೋರ್ ಮತ್ತು ಸಣ್ಣ ಕೋರ್ ಎಂದು ಎರಡು ಬಗೆ. ಆಟದ ಕೆಲಸ ಒಂದು ಬಗೆಯಿಂದ ಇನ್ನೊಂದಕ್ಕೆ ಹೋದಾಗ ಕೆಲವು ಆಟಗಳ ರಕ್ಷಣಾ ತಂತ್ರಾಂಶ ಅದನ್ನು ಬೇರೆ ಕಂಪ್ಯೂಟರ್ ಎಂದೇ ಬಗೆಯಿತು. ಕೆಲವು ಆಟಗಳು ತೆರೆಯಲಿಲ್ಲ, ಕೆಲವು ನಡುವೆ ನಿಂತವು. ಇಂಟೆಲ್ ಕೊಟ್ಟ ತಾತ್ಕಾಲಿಕ ಉಪಾಯ ಏನು ಗೊತ್ತೇ? ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಒಂದು ಆಯ್ಕೆ ಬದಲಾಯಿಸಿ, ಆಟ ತೆರೆಯುವ ಮುಂಚೆ ಕೀಬೋರ್ಡಿನ ಸ್ಕ್ರೋಲ್ ಲಾಕ್ ಒತ್ತಿ ಸಣ್ಣ ಕೋರ್‌ಗಳನ್ನು ಸುಮ್ಮನಿರಿಸುವುದು. ಅದೇ ದಿನಗಳಲ್ಲಿ ಡೆನುವೊ ಬಳಸುತ್ತಿದ್ದ ಒಂದು ಡೊಮೇನ್ ಹೆಸರಿನ ಅವಧಿ ಮುಗಿದು, ಅದನ್ನು ನವೀಕರಿಸುವ ತನಕ ಹಣ ಕೊಟ್ಟು ಕೊಂಡವರಿಗೆ ಹಲವು ಆಟಗಳು ತೆರೆಯಲಿಲ್ಲ. ಎರಡರಲ್ಲಿಯೂ ಗ್ರಾಹಕರ ತಪ್ಪು ಎಳ್ಳಷ್ಟೂ ಇರಲಿಲ್ಲ.

ಇನ್ನು ಕರ್ನಲ್ ವಿಷಯ. 2016ರ ಸೆಪ್ಟೆಂಬರ್‌ನಲ್ಲಿ ಸ್ಟ್ರೀಟ್ ಫೈಟರ್ 5ರ ಒಂದು ಅಪ್‌ಡೇಟ್ ಕ್ಯಾಪ್ಕಾಮ್ ಹೆಸರಿನದೇ ಡ್ರೈವರ್ ಒಂದನ್ನು ಸೇರಿಸಿತು. ಯಾವುದೇ ಸಾಮಾನ್ಯ ಪ್ರೋಗ್ರಾಮ್ ಕೊಟ್ಟ ಕೋಡನ್ನು ಅದು ಪ್ರೊಸೆಸರ್‌ನ ಒಂದು ಭದ್ರತೆಯನ್ನು ಆರಿಸಿ ಕರ್ನಲ್ ಅಧಿಕಾರದಲ್ಲಿ ಓಡಿಸುತ್ತಿತ್ತು. ಜನ ಹುಯಿಲೆಬ್ಬಿಸಿದ ಮೇಲೆ ಬೇಗನೆ ಹಿಂದಕ್ಕೆ ಪಡೆದರು. ಆದರೆ ವಿಂಡೋಸ್ ನಂಬುವ ಡಿಜಿಟಲ್ ಸಹಿ ಇದ್ದ ಆ ಡ್ರೈವರ್ ಆಗಲೇ ಹೊರಗೆ ಬಂದಾಗಿತ್ತು, ಆಕ್ರಮಣ ಮಾಡುವವರಿಗೆ ಉಪಯೋಗಕ್ಕೂ ಬಂತು. ನಾವು ಮಾತನಾಡುತ್ತಿರುವ ಡೆನುವೊ ಬೀಗ ಹೀಗೆ ಕರ್ನಲ್‌ಗೆ ಇಳಿಯುವುದಿಲ್ಲ, ಅದನ್ನೂ ಹೇಳಬೇಕು.

ಮೂರನೇ ಬೆಂಚು:
ಇಷ್ಟೆಲ್ಲ ಓದಿದ ಮೇಲೆ ಕೇಳುತ್ತೇನೆ, ಅಕ್ಕ, ಬೇಸರ ಮಾಡಿಕೊಳ್ಳಬೇಡಿ. ನಾನು ಡಿಗ್ರಿ ಓದುತ್ತಿದ್ದೇನೆ. ಹೊಸ ಆಟದ ಬೆಲೆ ನನ್ನ ಒಂದು ತಿಂಗಳ ಮೆಸ್ ಖರ್ಚಿಗಿಂತ ಹೆಚ್ಚು. ನಾನು ಹೇಗೂ ಕೊಳ್ಳುತ್ತಿರಲಿಲ್ಲ ಎಂದಾದರೆ ಕ್ರ್ಯಾಕ್ ಆಡುವುದರಿಂದ ನಿಮಗೆ ಏನು ನಷ್ಟ?

ಚಿತ್ರಶಾಲೆ:
ಬೇಸರವಿಲ್ಲ ತಮ್ಮ. ನೀನೊಬ್ಬನೇ ಆದರೆ ನಷ್ಟವಿಲ್ಲ. ಆದರೆ ಕೊಳ್ಳುವ ಶಕ್ತಿ ಇರುವವರೂ ಇದೇ ಮಾತು ಹೇಳುತ್ತಾರೆ, ಅವರಿಗೂ ನಿನಗೂ ಇರುವ ವ್ಯತ್ಯಾಸ ಪ್ರಕಾಶಕರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಇಳಿಸಿಕೊಂಡವರ ಲೆಕ್ಕ ಮಾತ್ರ, ಮುಂದಿನ ಆಟಕ್ಕೆ ಇನ್ನೂ ಬಿಗಿಯಾದ ಬೀಗ ಬೇಕು ಎಂಬ ವಾದ ಹುಟ್ಟುವುದು ಅಲ್ಲಿಂದಲೇ. ಒಂದು ವರ್ಷ ಕಾಯಿ. ಅರ್ಧಕ್ಕಿಂತ ಕಡಿಮೆಗೆ ಸಿಗುವ ಒಳ್ಳೆಯ ಆಟಗಳೇ ನಿನ್ನ ಮುಂದೆ ಸಾಲುಗಟ್ಟಿವೆ, ಹಳೆಯ ಲ್ಯಾಪ್‌ಟಾಪಿನಲ್ಲಿ ನಡೆಯುವುದೂ ಅವೇ.

ಧಾರವಾಡ ವಕೀಲ:
ಕಾನೂನಿನ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ನಕಲಿ ಎಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಮನ್ನು ಬಳಸುವುದು ಅಪರಾಧ. ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲವಾದರೆ ಸೆರೆವಾಸ ಬಿಟ್ಟು 50 ಸಾವಿರದವರೆಗಿನ ದಂಡವನ್ನಷ್ಟೇ ಹಾಕುವ ಅವಕಾಶ ನ್ಯಾಯಾಲಯಕ್ಕಿದೆ.

ಬೀಗ ಮುರಿಯುವ ಬಗ್ಗೆ 2012ರ ತಿದ್ದುಪಡಿ 65ಎ ಕಲಮನ್ನು ತಂದಿತು. ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಆದರೆ ಅದರಲ್ಲಿ ಒಂದು ಮುಖ್ಯ ಷರತ್ತು ಇದೆ: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ಆ ಕಲಮು ಅಡ್ಡಿ ಬರುವುದಿಲ್ಲ. ಇನ್ನೊಬ್ಬರಿಗೆ ಮುರಿದುಕೊಡುವವರು ಮಾತ್ರ ಅವರ ಹೆಸರು, ವಿಳಾಸ, ಉದ್ದೇಶಗಳ ದಾಖಲೆ ಇಟ್ಟಿರಬೇಕು. ಜೊತೆಗೆ 52ನೇ ಕಲಮು ನ್ಯಾಯವಾಗಿ ಪ್ರತಿ ಹೊಂದಿದವರಿಗೆ, ನಷ್ಟ ಅಥವಾ ಹಾನಿಯಿಂದ ಕಾಪಾಡಿಕೊಳ್ಳಲು ತಾತ್ಕಾಲಿಕ ರಕ್ಷಣಾ ಪ್ರತಿ ಮಾಡಿಕೊಳ್ಳುವ ಅವಕಾಶ ಕೊಟ್ಟಿದೆ. ಬೀಗ ಮುರಿಯುವುದನ್ನು ತಡೆಯುವ ಅಮೆರಿಕದ 1998ರ ಕಾಯ್ದೆಗಿಂತ ಇದು ಬಳಕೆದಾರರಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಹಳೆಯ ಡಿಸ್ಕ್ ಅವರ ಕಪಾಟಿನ ಆಟಗಳ ವಿಷಯದಲ್ಲಿ ಗಟ್ಟಿಯಾದ ವಾದ ಕಟ್ಟಬಹುದು. ಟೊರೆಂಟ್‌ನಿಂದ ಇಳಿಸಿಕೊಂಡ ಹೊಸ ಆಟಕ್ಕೆ ಈ ವಾದ ಒದಗುವುದಿಲ್ಲ.

ಹಳೆಯ ಡಿಸ್ಕ್:
ಧನ್ಯವಾದ ಸರ್. ಅಮೆರಿಕದಲ್ಲಿ ಗ್ರಂಥಾಲಯಗಳಿಗೂ ಇದು ಕಷ್ಟವಾಗಿದೆ. ಮಾರುಕಟ್ಟೆಯಲ್ಲಿ ಈಗ ಸಿಗದ ಹಳೆಯ ಆಟಗಳನ್ನು ಸಂಶೋಧಕರು ದೂರದಿಂದಲೇ ನೋಡಲು ಅವಕಾಶ ಕೊಡಿ ಎಂಬ ಮನವಿಯನ್ನು 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ತಳ್ಳಿಹಾಕಿತು. ಅಮೆರಿಕದಲ್ಲಿ ಬಂದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿತ್ತು. ಸರ್ವರ್ ಉತ್ತರ ಕೊಟ್ಟರೆ ಮಾತ್ರ ತೆರೆಯುವ ಆಟಗಳೂ ನಾಳೆ ಆ ಲೆಕ್ಕಕ್ಕೆ ಸೇರುತ್ತವೆ. ಯೂಬಿಸಾಫ್ಟ್‌ನ ದಿ ಕ್ರೂ ಆಟದ ಸರ್ವರ್ 2024ರ ಮಾರ್ಚ್ 31ರಂದು ನಿಂತಿತು. ಕೊಂಡವರೆಲ್ಲರ ಕೈಯಿಂದ ಆಟ ಪೂರ್ತಿಯಾಗಿ ಹೋಯಿತು.

ಚಿತ್ರಶಾಲೆ:
ತುಂಗಾತೀರ ಅವರೇ, ನಿಮ್ಮ ಹನ್ನೆರಡು ವಾರದ ಮಾತಿಗೆ ಬರುತ್ತೇನೆ. ಬೀಗ ತೆಗೆಯುವುದನ್ನು ನಾನು ಒಪ್ಪುತ್ತೇನೆ. ನಾನು ಒಪ್ಪದಿರುವುದು ದಿನಾಂಕವನ್ನು ಮೊದಲೇ ಸಾರುವುದನ್ನು. ಇಂಥ ದಿನ ಡೆನುವೊ ಹೋಗುತ್ತದೆ ಎಂದು ಬರೆದರೆ ಒಂದಿಷ್ಟು ಜನ ಆ ದಿನದವರೆಗೆ ಕೊಳ್ಳುವುದಿಲ್ಲ. ಮೊದಲ ವಾರಗಳ ಮಾರಾಟದ ಮೇಲೆಯೇ ಮುಂದಿನ ತೀರ್ಮಾನಗಳೆಲ್ಲ ನಡೆಯುತ್ತವೆ. ಆ ವಾರಗಳು ಬಡವಾದರೆ ಆಟ ಸೋತಿತು ಎಂದೇ ಮೇಲಿನವರು ತಿಳಿಯುತ್ತಾರೆ.

ತುಂಗಾತೀರ:
ಇದು ಗಂಭೀರವಾದ ಆಕ್ಷೇಪ. ಆದರೆ ಡೆನುವೊ ಕಂಡರೆ ಕೊಳ್ಳುವುದಿಲ್ಲ ಎನ್ನುವವರು ಈಗಲೂ ಕಾಯುತ್ತಿದ್ದಾರೆ, ದಿನಾಂಕ ಗೊತ್ತಿಲ್ಲದೆ ಕಾಯುತ್ತಿದ್ದಾರೆ. ಅವರಲ್ಲಿ ಹಲವರು ಕಾದು ಕಾದು ಆಟವನ್ನೇ ಮರೆಯುತ್ತಾರೆ. ದಿನಾಂಕ ಹೇಳಿದರೆ ಅವರು ಆ ದಿನ ಬರುತ್ತಾರೆ. ಉಳಿದ ಬಹುಪಾಲು ಜನಕ್ಕೆ ಡೆನುವೊ ಎಂದರೇನೆಂದೇ ಗೊತ್ತಿಲ್ಲ. ಅವರು ಮೊದಲ ವಾರದಲ್ಲೇ ಕೊಳ್ಳುತ್ತಾರೆ. 2016ರ ಮೇ ತಿಂಗಳಲ್ಲಿ ಬಂದ ಡೂಮ್ ಅದೇ ಡಿಸೆಂಬರ್‌ನಲ್ಲಿ ಡೆನುವೊ ತೆಗೆಯಿತು. ಅದರಿಂದ ಡೂಮ್‌ಗೆ ಕೇಡಾಗಲಿಲ್ಲ. ಇಂದು ಆ ಆಟವನ್ನು ಕೊಳ್ಳುವವರು ನೆಮ್ಮದಿಯಿಂದ ಕೊಳ್ಳುತ್ತಾರೆ.

ಚಿತ್ರಶಾಲೆ:
ಹಾಗಾದರೆ ನಾನು ಒಪ್ಪಬಹುದಾದ ರೂಪ ಇದು: ದಿನ ಬೇಡ, ಗರಿಷ್ಠ ಅವಧಿ ಬರೆಯಲಿ. ಒಂದು ವರ್ಷದೊಳಗೆ ತೆಗೆಯುತ್ತೇವೆ ಎಂದು ಮಾತು ಕೊಡಲಿ. ಮಾರಾಟ ನೋಡಿಕೊಂಡು ಅದಕ್ಕಿಂತ ಮೊದಲು ತೆಗೆಯುವ ಸ್ವಾತಂತ್ರ್ಯ ಅವರಿಗಿರಲಿ. ಕಂಪನಿಯೇ ಮುಚ್ಚಿದರೆ ಬೀಗವಿಲ್ಲದ ಫೈಲನ್ನು ಬಿಡುಗಡೆ ಮಾಡುವ ಹೊಣೆಯೂ ಅದರಲ್ಲೇ ಬರಲಿ. ಇದಕ್ಕೆ ನಮ್ಮ ಸ್ಟುಡಿಯೊದಲ್ಲಿ ಯಾರೂ ಬೇಡವೆನ್ನುವುದಿಲ್ಲ. ನಮ್ಮ ಕೆಲಸ ಇಪ್ಪತ್ತು ವರ್ಷದ ನಂತರವೂ ತೆರೆಯಬೇಕು ಎಂಬ ಆಸೆ ನಮಗೂ ಇದೆ.

ತುಂಗಾತೀರ:
ಒಂದು ವರ್ಷ ಹೆಚ್ಚಾಯಿತು, ಆರು ತಿಂಗಳು ಎನ್ನುತ್ತೇನೆ. ಕಂಪನಿ ಮುಚ್ಚುವಾಗಿನ ಷರತ್ತನ್ನು ಹಾಗೆಯೇ ತೆಗೆದುಕೊಳ್ಳುತ್ತೇನೆ, ಅದು ನನ್ನ ಬೇಡಿಕೆಗಿಂತ ಮೇಲಾಗಿದೆ.

ಕಡಲ ಪಾಳಿ:
ನಿಮ್ಮ ವಾದದ ನಡುವೆ ಒಂದು ಉಪಯೋಗದ ಪ್ರಶ್ನೆ. ನಾನು ಕುಂದಾಪುರದವನು, ಸರಕು ಹಡಗಿನಲ್ಲಿ ಕೆಲಸ. ಹತ್ತಿದರೆ ತಿಂಗಳುಗಟ್ಟಲೆ ಹಡಗಿನಲ್ಲೇ. ಅಲ್ಲಿನ ಇಂಟರ್ನೆಟ್‌ನಲ್ಲಿ ಮನೆಗೆ ನಾಲ್ಕು ಸಂದೇಶ ಹೋದರೆ ಹೆಚ್ಚು. ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಒಯ್ಯುತ್ತಿದ್ದೇನೆ. ಡೆನುವೊ ಇರುವ ಆಟವನ್ನು ನಂಬಿಕೊಂಡು ಹೋಗಬಹುದೇ?

ಲಿನಕ್ಸ್ ಮನೆ:
ಪೂರ್ತಿ ನಂಬಬೇಡಿ, ಆದರೆ ಸಿದ್ಧತೆ ಮಾಡಿಕೊಳ್ಳಬಹುದು. ಮನೆಯ ವೈಫೈನಲ್ಲಿ ಆಟವನ್ನು ಒಮ್ಮೆ ತೆರೆದು, ಮೆನುವಿನಲ್ಲೇ ನಿಲ್ಲದೆ ಆಟದ ಒಳಗೆ ಹೋಗಿ ಒಂದು ಸೇವ್ ಮಾಡಿ. ಟೋಕನ್ ಆಗ ಬಂದಿರುತ್ತದೆ. ಆಮೇಲೆ ಆ ಆಟದ ಪ್ರೋಟಾನ್ (ವಿಂಡೋಸ್ ಆಟವನ್ನು ಡೆಕ್‌ನ ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಆವೃತ್ತಿಯನ್ನು ಯಾವ ಕಾರಣಕ್ಕೂ ಬದಲಾಯಿಸಬೇಡಿ, ಏಕೆಂದರೆ ಆವೃತ್ತಿ ಬದಲಾದರೆ ಡೆನುವೊಗೆ ಅದು ಹೊಸ ಕಂಪ್ಯೂಟರ್. ಒಂದೇ ದಿನ ಬೇರೆ ಬೇರೆ ಪ್ರೋಟಾನ್ ಹಾಕಿ ಪರೀಕ್ಷಿಸಿದವರು ಐದರ ಮಿತಿ ಮುಟ್ಟಿ 24 ಗಂಟೆ ಹೊರಗುಳಿದಿದ್ದಾರೆ. ಹೊರಡುವ ಮುನ್ನ ಸ್ಟೀಮನ್ನು ಆಫ್‌ಲೈನ್‌ಗೆ ಹಾಕಿ, ಡೆಕ್ಕನ್ನು ಆರಿಸಿ ಮತ್ತೆ ಹೊತ್ತಿಸಿ, ಆಟ ತೆರೆಯುತ್ತದೆಯೇ ನೋಡಿ. ಅಪ್‌ಡೇಟ್ ತಾನಾಗಿ ಇಳಿಯದಂತೆ ಮಾಡಿ. ಆಟದ ಫೈಲ್ ಬದಲಾದರೆ ಟೋಕನ್ ಮತ್ತೆ ಬೇಕಾಗಬಹುದು.

ಇಷ್ಟೆಲ್ಲ ಮಾಡಿದರೂ ನಡುಗಡಲಿನಲ್ಲಿ ಟೋಕನ್ ಕೇಳಿದರೆ ಏನೂ ಮಾಡಲಾಗದು. ಆದ್ದರಿಂದ ಜಿಒಜಿ ಎಂಬ ಆನ್‌ಲೈನ್ ಆಟದಂಗಡಿಯಿಂದ ಎರಡು ಮೂರು ಆಟಗಳನ್ನು ಜೊತೆಗೆ ಒಯ್ಯಿರಿ. 2008ರಿಂದಲೂ ಅವರು ಡಿಆರ್‌ಎಂ ಇಲ್ಲದೆಯೇ ಮಾರುತ್ತಿದ್ದಾರೆ. ಇನ್‌ಸ್ಟಾಲರ್ ಫೈಲನ್ನು ಇಳಿಸಿ ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಳ್ಳಿ. ಅದು ಯಾರನ್ನೂ ಏನೂ ಕೇಳುವುದಿಲ್ಲ.

ಕಡಲ ಪಾಳಿ:
ಉಪಕಾರವಾಯಿತು. ಮುಂದಿನ ವಾರ ಮುಂಬೈಯಲ್ಲಿ ಹತ್ತುತ್ತೇನೆ, ಅದಕ್ಕೂ ಮೊದಲು ಇಷ್ಟನ್ನೂ ಮಾಡಿ ಮುಗಿಸುತ್ತೇನೆ. ಆರು ತಿಂಗಳೋ ಒಂದು ವರ್ಷವೋ ನೀವಿಬ್ಬರು ತೀರ್ಮಾನಿಸಿ ಮನವಿ ಬರೆದರೆ ನನ್ನ ಸಹಿಯನ್ನೂ ಸೇರಿಸಿಕೊಳ್ಳಿ.